ಇವತ್ತು ನನ್ನ ಸರದಿ

"ನೀನಾಗೇ ಕಾರು ಹತ್ತುತ್ತೀಯೋ, ಇಲ್ಲ ನಾನೇ ಇಳಿದು ಬಂದು ಜುಟ್ಟು ಹಿಡಿದು ಹತ್ತಿಸಲೋ?" ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಝೂರಾ ಕೂಗಿದಳು.

ಉಪೇಲ್ ತಲೆ ಎತ್ತಲಿಲ್ಲ. ಕಿತ್ತು ಒಣಹಾಕಿದ್ದ ಬೀನ್ಸ್ ಗಿಡಗಳನ್ನು ಎತ್ತೆತ್ತಿ ಟಾರ್ಪಾಲಿನ ಮೇಲೆ ಹರಡುತ್ತಲೇ ಇದ್ದಳು. ಹನ್ನೊಂದು ಗಂಟೆಗೆ ಟ್ರ್ಯಾಕ್ಟರ್ ಬರುತ್ತದೆ, ಇವುಗಳ ಮೇಲೆ ಹಾಯುತ್ತದೆ, ಕಾಳು ಬಿಡಿಸುತ್ತದೆ. ಇಡೀ ಊರಿಗೆ ಇರುವುದು ಅದೊಂದೇ. ಸರದಿ ತಪ್ಪಿದರೆ ಮತ್ತೆ ಒಂಬತ್ತು ದಿನ ಕಾಯಬೇಕು. ಬೆಟ್ಟದ ತಲೆಯ ಮೇಲೆ ಮೋಡವಂತೂ ಆಗಲೇ ಕಪ್ಪಿಟ್ಟಿತ್ತು.

ಝೂರಾ ಅವಳ ಓರಗಿತ್ತಿ, ಹಿರಿಯ ಭಾವನ ಹೆಂಡತಿ. ಹೊಲ ಮಾರಿ ಪೇಟೆ ಸೇರಿದವಳು. ಇವತ್ತು ಅವಳ ಮೊಮ್ಮಗನ ಟೋಯ್. ಮಗು ಮೊದಲ ಹೆಜ್ಜೆ ಇಟ್ಟಿತೆಂದು ಕಾಲಿಗೆ ದಾರ ಕಟ್ಟಿ ಕತ್ತರಿಸುವ ಶಾಸ್ತ್ರ, ನೂರೈವತ್ತು ಜನರ ಔತಣ. ಅಲ್ಲಿ ನೆಂಟರಿಗೆ ಚಹಾ ಹೊಯ್ದು ಕೊಡಬೇಕಾದವಳು ಕಿರಿಯ ಸೊಸೆ, ಅಂದರೆ ಉಪೇಲ್. ಮಾಗಿಗೆ ಮುಂಚಿನ ಈ ಎರಡು ತಿಂಗಳಲ್ಲಿ ಕುರಿ ಕೊಬ್ಬಿರುತ್ತದೆ, ತರಕಾರಿ ಸಸ್ತಾ. ಹಾಗಾಗಿ ತಲಾಸ್ ಕಣಿವೆಯ ಟೋಯ್‌ಗಳೆಲ್ಲ ಸುಗ್ಗಿಯ ನೆತ್ತಿಯ ಮೇಲೇ ಬಂದು ಕೂರುತ್ತವೆ. ಇಂಥ ಬುದ್ಧಿಗೆ ಏನನ್ನಬೇಕೋ!

"ಅಕ್ಕ, ಈ ತಿಂಗಳಲ್ಲಿ ನಾಲ್ಕು ಟೋಯ್‌ಗೆ ಬಂದಿದೀನಿ. ಬಟ್ಟಲು ತೊಳೆದು ತೊಳೆದು ಕೈ ಬೆಂದುಹೋಗಿದೆ. ಇವತ್ತು ನನ್ನ ಸರದಿ, ಬರಲ್ಲ."

"ಸರದಿ ಇನ್ಯಾರಿಗಾದ್ರೂ ಬಿಟ್ಟುಕೊಡೇ. ಮಗು ಒಂದೇ ಸಲ ತಾನೇ ಮೊದಲ ಹೆಜ್ಜೆ ಇಡೋದು?"

"ಅದು ಹೆಜ್ಜೆಯಿಟ್ಟು ಎರಡು ತಿಂಗಳಾಯ್ತು. ಮೊನ್ನೆ ನಮ್ಮ ಕೋಳಿನ ಅಟ್ಟಿಸಿಕೊಂಡು ಓಡ್ತಿತ್ತು. ಇನ್ನೊಂದು ವಾರ ಓಡಿದ್ರೆ ಕಾಲೇನು ಸವೀತಿತ್ತಾ?"

ಝೂರಾಳ ಮುಖ ಕೆಂಪಗಾಯಿತು. ಉಪೇಲಳಿಗೂ ಕೋಪ ನೆತ್ತಿಗೇರಿತ್ತು. ಹೋದ ವರ್ಷ ಇದೇ ಝೂರಾಳ ಹೊಸ ಮನೆಯ ಗೃಹಪ್ರವೇಶಕ್ಕೆಂದು ಸರದಿ ಬಿಟ್ಟುಕೊಟ್ಟಿದ್ದಳು. ಮಳೆ ಹಿಡಿದು, ಬಿಳಿ ಕಾಳೆಲ್ಲ ಕಪ್ಪಾಗಿ, ಕೊಳ್ಳುವವನು ಚೀಲ ಬಿಚ್ಚಿ ನೋಡಿ ಹಾಗೇ ಕಟ್ಟಿಟ್ಟು ಹೋಗಿದ್ದ. ಚಳಿಗಾಲವಿಡೀ ಆ ಕಪ್ಪು ಕಾಳನ್ನು ಬೇಯಿಸಿ ತಿಂದವರು ಇವಳೂ ಇವಳ ಮಕ್ಕಳೂ. ಈ ಸಲವೂ ಹಾಗಾದರೆ ಬಿತ್ತನೆಗೂ ಬೀಜವಿಲ್ಲ.

"ಜನ ಏನಂತಾರೆ ಗೊತ್ತಾ?"

"ಉಪೇಲ್ ಬೀನ್ಸ್ ಒಕ್ಕಣೆ ಮಾಡ್ತಿದಾಳೆ ಅಂತಾರೆ. ಅದೇನು ಸುಳ್ಳಾ?"

ಹಿಂದಿನ ಸೀಟಿನಲ್ಲಿ ಮಖಮಲ್ ನಿಲುವಂಗಿ ತೊಟ್ಟು ಕೂತಿದ್ದ ಅತ್ತೆ ಬಾತ್ಮಾ ಬಾಯಿಬಿಟ್ಟಳು: "ಮನೆತನದ ಮರ್ಯಾದೆ ಕಣೇ ಉಪೇಲ್. ಕೆಲಸ ನಾಳೆನೂ ಇರುತ್ತೆ."

"ಕೆಲಸ ಇರುತ್ತೆ ಅತ್ತೆ, ಕಾಳು ಇರಲ್ಲ. ಗಾಳಿ ಬಂದಾಗ ತೂರಿಕೊ ಅಂತ ನೀವೇ ಹೇಳಿಕೊಟ್ಟಿದ್ದು. ಚಹಾ ಹೊಯ್ಯೋಕೆ ನಿಮ್ಮ ಮಗ ಇದಾರಲ್ಲ, ನಿನ್ನೆಯಿಂದ ಅಲ್ಲೇ ಕುರಿ ಕೊಯ್ಕೊಂಡು ಬಿದ್ದಿದಾರೆ. ಅವರಿಗೂ ಎರಡು ಕೈ ಕೊಟ್ಟಿದಾನೆ ದೇವರು."

ಗಂಡಸರು ಚಹಾ ಹೊಯ್ಯುವುದೇ! ಝೂರಾ ಕಿಟಕಿಯ ಗಾಜು ಏರಿಸಿದಳು. ಕಾರು ಮಣ್ಣೆಬ್ಬಿಸಿಕೊಂಡು ಹೋಯಿತು.

ಹನ್ನೊಂದಕ್ಕೆ ಟ್ರ್ಯಾಕ್ಟರ್ ಬಂತು. ಗಂಡ ಸಗಿಂದಿಕ್ ಹದಿನಾಲ್ಕು ಸಲ ಫೋನು ಮಾಡಿದ, ಅವಳು ಎತ್ತಲಿಲ್ಲ. ತೂರಿದಳು, ಜರಡಿ ಹಿಡಿದಳು, ಚೀಲ ತುಂಬಿ ಬಾಯಿ ಹೊಲಿದಳು. ಹಾಲುಹಲ್ಲಿನಂಥ ಬಿಳಿ ಕಾಳು. ಮೂರು ಗಂಟೆಯ ಹೊತ್ತಿಗೆ ಇಪ್ಪತ್ತಾರು ಚೀಲವೂ ಕೊಟ್ಟಿಗೆ ಸೇರಿದ್ದವು, ಸೊಂಟ ಮಾತ್ರ ಹೊಲದಲ್ಲೇ ಉಳಿದಂತಿತ್ತು.

ಸಂಜೆಯವರೆಗೆ ನಡೆಯಬೇಕಾದ ಟೋಯ್. ಆದರೆ ಆಗಲೇ ಕಾರು ವಾಪಸು ಬಂತು. ಝೂರಾ ಇಳಿದವಳೇ ಅಳು ಶುರುಮಾಡಿದಳು. "ನಿನ್ನ ಹೊಟ್ಟೆ ತಣ್ಣಗಾಯ್ತೇನೇ? ಎಲ್ಲ ಹಾಳಾಯ್ತು! ನಿನ್ನ ಗಂಡ, ಆ ಮಹಾರಾಯ, ಬಟ್ಟಲನ್ನ ಕಂಠಮಟ್ಟ ತುಂಬಿಸಿ ಕೊಟ್ಟುಬಿಟ್ಟ!"

ಉಪೇಲ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಚಹಾ ಅರ್ಧ ಬಟ್ಟಲು ಹೊಯ್ದರೆ 'ಕೂತಿರಿ, ಇನ್ನೂ ಹೊಯ್ಯುತ್ತೇನೆ' ಎಂದರ್ಥ. ತುಂಬ ಹೊಯ್ದರೆ 'ಕುಡಿದು ಹೊರಡಿ' ಎಂದು. ಇದು ನಿನ್ನೆ ಮೊನ್ನೆ ಬಂದ ಸೊಸೆಯಂದಿರಿಗೂ ಗೊತ್ತು. ಹುಟ್ಟಿದಾಗಿನಿಂದ ಇನ್ನೊಬ್ಬರು ಹೊಯ್ದದ್ದನ್ನೇ ಕುಡಿದ ಗಂಡಸಿಗೆ ಕೈಯಲ್ಲಿ ಕೆಟಲ್ ಹಿಡಿದಾಗ ನೆನಪಾಗಬೇಕಲ್ಲ!

"ನಮ್ಮೂರ ಹಿರಿಯ ಮುಕಾನ್ ಅಜ್ಜ ಬಟ್ಟಲು ನೋಡಿದ್ರು, ಆಕಾಶ ನೋಡಿದ್ರು, ಎದ್ದೇಬಿಟ್ರು" ಎಂದಳು ಅತ್ತೆ, ಕಾರಿನಿಂದ ನಿಧಾನ ಇಳಿಯುತ್ತಾ. "ಅವರ ಹಿಂದೆ ಇಡೀ ಪಂಕ್ತಿ."

"ಮಾಂಸ ಇನ್ನೂ ಬೇಯ್ತಿತ್ತು!" ಝೂರಾ ಬಿಕ್ಕಿದಳು. "ಅಷ್ಟು ದೊಡ್ಡ ಮನುಷ್ಯರಿಗೆ ಅವಮಾನ ಮಾಡಿದ ಹಾಗಾಯ್ತಲ್ಲೇ! ಇನ್ನು ಅವರ ಮುಖ ಹೇಗೆ ನೋಡಲಿ?"

"ಇಲ್ಲೇ ನೋಡಿ ಅಕ್ಕ" ಎಂದಳು ಉಪೇಲ್.

ಪಕ್ಕದ ಹೊಲದಲ್ಲಿ ಮುಕಾನ್ ಅಜ್ಜ, ಟೋಯ್‌ಗೆಂದು ತೊಟ್ಟ ಹೊಸ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಬೀನ್ಸ್ ರಾಶಿಯ ಮೇಲೆ ಟಾರ್ಪಾಲು ಎಳೆಯುತ್ತಿದ್ದ. ಮುತ್ತಿನ ಸರ ಹಾಕಿಕೊಂಡೇ ಅವನ ಹೆಂಡತಿ ಇನ್ನೊಂದು ತುದಿ ಹಿಡಿದಿದ್ದಳು. ಮಳೆಯ ಹನಿ ಬೀಳತೊಡಗಿತ್ತು. ಝೂರಾಳನ್ನು ಕಂಡು ಅಜ್ಜ ಸೊಂಟ ನೇರಮಾಡಿದ.

"ಚೆನ್ನಾಗಿತ್ತು ಕಣಮ್ಮ ನಿನ್ನ ಟೋಯ್! ಆ ತುಂಬಿದ ಬಟ್ಟಲನ್ನ ಯಾವ ಪುಣ್ಯಾತ್ಮ ಕೊಡ್ತಾನೋ ಅಂತ ಬೆಳಗ್ಗಿಂದ ಕಾಯ್ತಿದ್ದೆ."