ನಡುಮನೆಯ ಕೆಳಗಿನ ಮನೆ

ಹಳೆಯ ರಾಗಿಯ ಮುಗ್ಗಲು ವಾಸನೆ ಬಂದರೆ ಈಗಲೂ ನಾನು ಕಾಲ ಕೆಳಗಿನ ನೆಲ ನೋಡುತ್ತೇನೆ.

ಶಾಗ್ಯದ ಅಜ್ಜಿಮನೆಯಲ್ಲಿ, ನನ್ನ ಚಿಕ್ಕಂದಿನಲ್ಲಿ, ಒಂದು ಮಧ್ಯಾಹ್ನ ನಡುಮನೆಯ ಚಪ್ಪಡಿ ಎತ್ತಿ, ನೆಲದೊಳಗೆ ರಾಗಿ ತುಂಬಿಟ್ಟಿದ್ದ ಹಗೇವು ತೆರೆದರು. ಮಾವ ಇಳಿಯಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಅಜ್ಜಿ ಅವನನ್ನು ತಡೆದು, ಮೊದಲು ಲಾಟೀನು ಇಳಿಬಿಟ್ಟಳು. ದೀಪ ತಟ್ಟನೆ ಆರಿಹೋಯಿತು.

"ಅವಸ್ರ ಬೀಳ್ಬೇಡ ಕಣ್ಲಾ, ಒಳ್ಗೆ ಇನ್ನೂವೆ ಉಸ್ರಿಲ್ಲ," ಎಂದಳು. ಮಾವ ಹಿಂದೆ ಸರಿದ.

ಬಿಸಿಲು ಇಳಿದ ಮೇಲೆ ಮತ್ತೆ ಬಿಟ್ಟಾಗ ದೀಪ ಉರಿಯಿತು. ಅಜ್ಜಿಯ ಸೆರಗು ಹಿಡಿದು ಬಗ್ಗಿ ನೋಡಿದೆ. ಗುಡಾಣದ ಹೊಟ್ಟೆಯಂಥ ನುಣ್ಣನೆಯ ದುಂಡು ಗೋಡೆ; ಒಳಗಿನ ಜಾಗ ನಾವು ನಿಂತಿದ್ದ ನಡುಮನೆಗಿಂತಲೂ ಅಗಲವಾಗಿತ್ತು. ತಳದಲ್ಲಿ ರಾಗಿ ಕೆಂಪಗೆ ಹೊಳೆಯುತ್ತಿತ್ತು.

"ನಿಮ್ ಮುತ್ತಾತ ಮೊದ್ಲು ಇದ್ನ ತೋಡುದ್ರು. ಮನೆ ಕಟ್ಟಿದ್ದು ಆಮೇಲೆ," ಎಂದಳು ಅಜ್ಜಿ.

ಅಂದಿನಿಂದ ಆ ನಡುಮನೆಯಲ್ಲಿ ನಾನು ಓಡಲಿಲ್ಲ.