ಹಳೇ ಸ್ಕ್ಯಾನಿನ ಸಿ.ಡಿ.

"ಡಾಕ್ಟರ್ ಲ್ಯಾಪ್‌ಟಾಪ್ ಯಾವ್ದು ಅಕ್ಕಾ?" ಎಂದು ತಿಪಟೂರಿನ ಕಂಪ್ಯೂಟರ್ ಅಂಗಡಿಯ ಯಾಸೀನ್ ಎರಡು ಸಿ.ಡಿ. ಡ್ರೈವ್‌ಗಳನ್ನು ಮುಂದಿಟ್ಟ. ಯೋಗಿತಾಳಿಗೆ ಅದು ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ ಗಂಡ ಲೋಕೇಶ ತೆಂಗಿನಮರದಿಂದ ಬಿದ್ದಾಗ ತೆಗೆಸಿದ್ದ ತಲೆಯ ಸ್ಕ್ಯಾನು ಉಳಿದಿದ್ದುದು ಅವಳ ಕೈಯಲ್ಲಿದ್ದ ಸಿ.ಡಿ.ಯಲ್ಲಿ ಮಾತ್ರ. ಮೊನ್ನೆಯ ಸ್ಕ್ಯಾನಿನಲ್ಲಿ ಒಂದು ಕಲೆ ಕಂಡಿತ್ತು. ಅದು ಹಳೆಯದೋ ಹೊಸದೋ ನೋಡಬೇಕು ಎಂದಿದ್ದ ಡಾಕ್ಟರ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ.

"ಇದು ವಿಂಡೋಸ್ ಇದ್ರೆ ಮಾತ್ರ ಓಡೋದು. ಇದು ಯಾವ್ದಕ್ ಚುಚ್ಚಿದ್ರೂ ಆಯ್ತದೆ."

"ಆಗ್ದೆ ಹೋದ್ರೆ?"

ಯಾಸೀನ್ ಎರಡನೆಯದನ್ನು ಅಂಗಡಿಯ ಎರಡು ಬಗೆಯ ಕಂಪ್ಯೂಟರಿಗೂ ಚುಚ್ಚಿ ತೋರಿಸಿದ. ಯೋಗಿತಾ ಅದನ್ನೇ ಕೊಂಡಳು.

ತುರುವೇಕೆರೆಯಲ್ಲಿ, ಡಾಕ್ಟರ ಮೇಜಿನ ಮೇಲೆ ಡ್ರೈವ್ ಗಿರ್ರೆಂದು ತಿರುಗಿ ನಿಂತಿತು. ಅದು ಮತ್ತೆ ತಿರುಗಿ ಪರದೆಯ ಮೇಲೆ ಲೋಕೇಶನ ತಲೆ ಮೂಡಿದ್ದೇ ತಡ, ಓದದೆ ಹೋಗಿದ್ದರೇ ಚೆನ್ನಾಗಿತ್ತು ಅನ್ನಿಸಿತು ಯೋಗಿತಾಳಿಗೆ. ಪಕ್ಕದಲ್ಲಿ ಕುಳಿತಿದ್ದ ಲೋಕೇಶ ಅವಳ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಡಾಕ್ಟರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕಲೆಯನ್ನು ಅಳೆದು ನೋಡಿದರು.

"ಆವಾಗ್ಲೂ ಇತ್ತು ಕಣಮ್ಮ," ಎಂದರು ಕೊನೆಗೆ. "ಇಷ್ಟೇ ಇತ್ತು. ಒಂಚೂರೂ ಬೆಳೆದಿಲ್ಲ."

"ಇನ್ನೊಂದ್ಸಲ ಹೇಳಿ ಸಾ," ಎಂದಳು ಯೋಗಿತಾ.