ಅಪ್ಪನ ಎಣ್ಣೆಹತ್ತಿ

ಕೊಬ್ಬರಿಎಣ್ಣೆಯಲ್ಲಿ ನೆನೆದ ಹತ್ತಿಯ ವಾಸನೆ ಬಂದರೆ ಈಗಲೂ ನನ್ನ ಕೈ ಬಲಗಿವಿಗೆ ಹೋಗುತ್ತದೆ.

ಇಚಲಕರಂಜಿಯ ಪಾವರ್‌ಲೂಮ್ ಶೆಡ್ಡಿಗೆ ಕರೆದೊಯ್ಯುವಾಗ, ಸದ್ದು ತಾಗದಿರಲೆಂದು ಅಪ್ಪ ನನ್ನ ಕಿವಿಗೆ ಎಣ್ಣೆಹತ್ತಿ ತುರುಕುತ್ತಿದ್ದ. ಮಗ್ಗದ ಸದ್ದು ಕೆಟ್ಟರೆ ತಿಳಿಯಬೇಕೆಂದು ತನ್ನ ಕಿವಿ ಮಾತ್ರ ತೆರೆದೇ ಇಟ್ಟಿದ್ದ. ಒಮ್ಮೆ ಹತ್ತಿಯ ಚೂರೊಂದು ಬಲಗಿವಿಯ ಒಳಗೇ ಉಳಿದು, ಕೊಳೆತು, ಕಿವಿಯ ದಾರಿಯೇ ಮುಚ್ಚಿತು. ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದುದರಿಂದ ವರ್ಷವಾದರೂ ಯಾರಿಗೂ ಗೊತ್ತಾಗಲಿಲ್ಲ.

ಕೊಲ್ಹಾಪುರದ ಡಾಕ್ಟರು ಕಿವಿಯ ಹಿಂದಿನ ಚರ್ಮವನ್ನು ಒಳಕ್ಕೆ ತಿರುಗಿಸಿ ಹೊಲಿದು ಹೊಸ ದಾರಿ ಮಾಡಿದರು. ಪಟ್ಟಿ ಬಿಚ್ಚಿದ ಮಧ್ಯಾಹ್ನ ನನ್ನ ಎಡಗಿವಿಯನ್ನು ಒತ್ತಿ ಮುಚ್ಚಿ, "ಮೆಲ್ಲಗ ಮಾತಾಡಸ್ರಿ" ಎಂದು ಅಪ್ಪನಿಗೆ ಸನ್ನೆ ಮಾಡಿ ಹೇಳಿದರು.

"ಕೇಳಸಾಕತ್ತೈತೇನವಾ?" ಅಪ್ಪ ತನ್ನ ಮೆಲುದನಿಯಲ್ಲೇ ಕೇಳಿದ. ವಾರ್ಡೆಲ್ಲ ತಿರುಗಿ ನೋಡಿತು.

"ಕೇಳಸಾಕತ್ತೈತಪ್ಪಾ" ಎಂದೆ.

ಅವನು ಡಾಕ್ಟರ ಕಡೆ ತಿರುಗಿದ. "ಏನಂದಳ್ರಿ?"